ಕುರ್ಚಿಗೊಂದು ಪದ

ಐವತ್ತೆಂಟಕ್ಕೆ ಮದುಮಗಳಾಗುವವಳಿಗೆ ನಾಚಿಕೆ ಇರಬೇಕಂತೆ. ನನಗಿರಲಿಲ್ಲ. ಬೆಳಿಗ್ಗೆಯಿಂದ ನಗು ಉಕ್ಕಿ ಉಕ್ಕಿ ಬರುತ್ತಿತ್ತು. ಜರಿ ನಿಲುವಂಗಿ ತೊಡಿಸುತ್ತಿದ್ದ ಅಕ್ಕ ಫ್ರೇಖೋ, "ಸ್ವಲ್ಪ ಬಾಯ್ಮುಚ್ಕೊಂಡಿರೇ ಬುಲೋರ್, ಇರೋ ನಾಲ್ಕು ಹಲ್ಲೂ ಉದುರಿಬಿದ್ದಾವು" ಎಂದು ಗದರಿದಳು.

ನಗದೆ ಏನು ಮಾಡಲಿ? ಕ್ಷೌರದ ಅಂಗಡಿಯ ಇಲ್ಯಾವು ಜೊತೆ ನನ್ನ ಮದುವೆ ಎರಡು ಸಲ ನಿಂತಿತ್ತು. ಒಮ್ಮೆ ಅವನ ಸೊಂಟ ಹಿಡಿದು, ಒಮ್ಮೆ ನನ್ನ ಸಿಟ್ಟು ನೆತ್ತಿಗೇರಿ. ಈ ಸಂಜೆ ಸೂರ್ಯ ಮುಳುಗಿದರೆ ವರ್ಷವರ್ಷವೂ ಬರುವ ನಮ್ಮವರ ಶೋಕದ ದಿನಗಳು ಶುರು, ಅವು ಮುಗಿಯುವವರೆಗೆ ಯಾರಿಗೂ ಮದುವೆ ಇಲ್ಲ. ಈ ಸಲವೂ ತಪ್ಪಿದರೆ ಅಪ್ಪನನ್ನು ನಾಳೆಯೇ ತಾಷ್ಕೆಂಟಿಗೆ ಕರೆದೊಯ್ದು ಅಲ್ಲೇ ಇಟ್ಟುಕೊಳ್ಳುತ್ತೇನೆಂದು ಅವನ ಮಗಳು ರೈಲಿನ ಟಿಕೆಟ್ಟನ್ನೇ ತೋರಿಸಿದ್ದಳು.

ಬುಖಾರಾದ ನಮ್ಮ ಯೆಹೂದಿ ಕೇರಿಯಲ್ಲಿ ನಮ್ಮವರೆಂದು ಉಳಿದಿರುವವರೇ ಬೆರಳೆಣಿಕೆಯಷ್ಟು. ಮದುವೆಯ ಏಳು ಆಶೀರ್ವಾದ ಹೇಳಲು ನಮ್ಮವರೇ ಹತ್ತು ಗಂಡಸರು ಬೇಕು. ತಲೆ ಎಣಿಸುವುದು ನಮ್ಮಲ್ಲಿ ನಿಷಿದ್ಧ, ಹಾಗಾಗಿ ಹತ್ತು ಪದಗಳ ಒಂದು ಪ್ರಾರ್ಥನೆ ಹೇಳುತ್ತಾ ತಲೆಗೊಂದು ಪದ ಕೊಡುತ್ತೇವೆ. ಮಂದಿರ ನೋಡಿಕೊಳ್ಳುವ ಮುದುಕ ಅಬೋ ಪದ ಹಂಚಿ, "ಸರಿಹೋಯ್ತು, ಶುರು ಮಾಡಿ" ಎಂದ.

ಮದುವೆ ಮಾಡಿಸಲು ತಾಷ್ಕೆಂಟಿನಿಂದ ಬಂದಿದ್ದ ಎಳೆಯ ರಬ್ಬಿ ಕಣ್ಣು ಪಿಳಿಪಿಳಿ ಬಿಟ್ಟ. "ಮೊದಲ್ನೇ ಪದ ಯಾರಿಗೆ ಕೊಟ್ರಿ ಅಜ್ಜಾ?"

"ನಮ್ಮ ರಬ್ಬಿ ಹಿಸ್ಕಿಯಾಗೆ. ಇನ್ಯಾರಿಗೆ?"

"ಎಲ್ಲಿದ್ದಾರೆ ಅವ್ರು?"

ಅಬೋ ಖಾಲಿ ಕುರ್ಚಿಯತ್ತ ಕೈ ತೋರಿಸಿದ. ರಬ್ಬಿ ಹಿಸ್ಕಿಯಾ ತೀರಿಕೊಂಡು ಹನ್ನೊಂದು ವರ್ಷ.

ಹನ್ನೊಂದು ವರ್ಷದಿಂದ ಮೊದಲ ಪದ ಆ ಕುರ್ಚಿಗೇ ಹೋಗುತ್ತಿತ್ತು. ಜನ ಹೆಚ್ಚಿದ್ದಾಗ ಯಾರ ಗಮನಕ್ಕೂ ಬಂದಿರಲಿಲ್ಲ. ನಾನೂ ಅಬೋನನ್ನು ಬೈಯಲಾರೆ, ಕೈ ತಾನಾಗಿ ಆ ಕಡೆ ಹೋಗುತ್ತದೆ. ತಡವಾಗಿ ಬಂದ ಹತ್ತನೆಯವನನ್ನು ರಬ್ಬಿ ಒಂದು ದಿನವೂ ಗದರಲಿಲ್ಲ. ತಾವೇ ಎದ್ದು, ನಿಲುವಂಗಿಯ ಮೇಲೆ ಸುತ್ತಿದ್ದ ಸೊಂಟದ ವಸ್ತ್ರ ಬಿಚ್ಚಿ ಮಡಿಸಿ ಕುರ್ಚಿಯ ಮೇಲೆ ಹಾಸಿ, "ನಿಂಗೋಸ್ಕರಾನೇ ಕಾಯ್ತಿದ್ವಪ್ಪಾ, ಕೂತ್ಕೋ" ಎನ್ನುತ್ತಿದ್ದರು.

ಈಗ ಇದ್ದದ್ದು ಒಂಬತ್ತೇ ಜನ. ಎಲ್ಲರೂ ನನ್ನನ್ನು ನೋಡಿದರು. ಕೇರಿಯಲ್ಲಿ ನಮ್ಮವರ ಪೈಕಿ ಇನ್ನುಳಿದ ಒಬ್ಬನೇ ಗಂಡಸು ಬಡಗಿ ಸಿಯೋನ್, ಅವನನ್ನು ಓಡಿಸಿದವಳು ನಾನು. ರಬ್ಬಿ ತೀರಿಕೊಂಡ ವಾರವೇ, ತಾನು ಮಾಡಿಕೊಟ್ಟಿದ್ದ ಆ ಕುರ್ಚಿಗೆ ಮೆರುಗೆಣ್ಣೆ ಹಚ್ಚಲು ಬಂದಿದ್ದ. "ರಬ್ಬಿ ಕುರ್ಚಿ ಮುಟ್ಟಿದ್ರೆ ಕೈ ಮುರೀತೀನಿ" ಎಂದಿದ್ದೆ. ಅಂದಿನಿಂದ ಅವನು ಮಂದಿರದ ಹೊಸ್ತಿಲು ತುಳಿದಿಲ್ಲ.

ನಿಲುವಂಗಿ ಮೇಲೆತ್ತಿ ಓಡಿದೆ. ಕರಬೂಜ ಮಾರುವವನು, "ಮದುಮಗಳು ಓಡಿಹೋಗ್ತಾ ಇದ್ದಾಳೆ, ಹಿಡೀರೋ" ಎಂದು ಕೂಗಿದ.

"ಓಡಿಹೋಗ್ತಿಲ್ಲ ಕಣೋ, ಇನ್ನೊಬ್ಬ ಗಂಡಸು ಬೇಕಾಗಿದ್ದಾನೆ" ಎಂದೆ. ಹೇಳಿದ ಮೇಲೆ ನನಗೇ ನಗು ತಡೆಯಲಾಗಲಿಲ್ಲ.

ಸಿಯೋನ್ ಉಳಿ ಮಸೆಯುತ್ತಿದ್ದ.

"ಸಿಯೋನಣ್ಣ, ತಪ್ಪಾಯ್ತು. ಬಾ."

"ಕೈ ಮುರೀತೀನಿ ಅಂದಿದ್ದೆ."

"ಈಗ ಕಾಲು ಹಿಡೀತೀನಿ."

"ಅದಕ್ಕೆ ಹನ್ನೊಂದು ವರ್ಷ ಬೇಕಾಯ್ತಾ?"

"ಹೊತ್ತು ಮುಳುಗ್ತಿದೆ ಅಣ್ಣ. ಮಿಕ್ಕಿದ್ದನ್ನ ದಾರೀಲಿ ಬೈ."

ಮಂಡಿನೋವಿನ ಮನುಷ್ಯ. ನನ್ನ ಹೆಗಲಿಗೆ ಜೋತುಬಿದ್ದು ಕುಂಟುತ್ತಾ ಬಂದ, ದಾರಿಯುದ್ದಕ್ಕೂ ಮನಸಾರೆ ಬೈದ. ಮಂದಿರ ತಲುಪಿದಾಗ ಗೋಡೆಯ ಮೇಲೆ ಎರಡು ಗೇಣು ಬಿಸಿಲಿತ್ತು.

ಅವನಿಗೆ ನಿಲ್ಲಲಾಗದು. ಇದ್ದದ್ದು ರಬ್ಬಿಯ ಕುರ್ಚಿಯೊಂದೇ, ಯಾರೂ ಕೂರದಂತೆ ಅದಕ್ಕೆ ಹಗ್ಗ ಕಟ್ಟಿದವಳೂ ನಾನೇ. ಹಗ್ಗ ಕಿತ್ತೆಸೆದು, "ನಿಂಗೋಸ್ಕರಾನೇ ಕಾಯ್ತಿದ್ವಿ, ಕೂತ್ಕೋ" ಎಂದೆ.

ಸಿಯೋನ್ ಕೂತ. ಕೂತವನೇ "ಅಮ್ಮಾ" ಎಂದು ಮಂಡಿನೋವನ್ನೂ ಮರೆತು ಚಂಗನೆ ಎದ್ದ. ಹಲಗೆಯ ಮೇಲೆ ಕೈಯಾಡಿಸಿದ. ಮೊಳೆಯ ತುದಿ, ಗೋಧಿ ಕಾಳಿನಷ್ಟು, ಮೇಲೆದ್ದಿತ್ತು.

"ನಾನೇ ಕೆಳಗಿಂದ ಹೊಡೆದದ್ದು" ಎಂದ, ದನಿ ಇಳಿದುಹೋಗಿತ್ತು. "ಎಷ್ಟು ಸಲ ಕೇಳಿದ್ದೆ, ಕುರ್ಚಿ ಹೇಗಿದೆ ರಬ್ಬಿ ಅಂತ. 'ಇದರಲ್ಲಿ ಕೂತ್ರೆ ಪ್ರಾರ್ಥನೆ ಹೊತ್ತಲ್ಲಿ ತೂಕಡಿಕೆ ಹತ್ರಾನೂ ಸುಳಿಯಲ್ಲ ಸಿಯೋನ್' ಅಂತಿದ್ರು."

ಆ ಮಡಿಸಿದ ವಸ್ತ್ರ ನಮಗೆಲ್ಲ ಆಗ ನೆನಪಾಯಿತು. ಬಂದವರಿಗೆ ಮರ್ಯಾದೆಗಾಗಿ ಹಾಸುತ್ತಾರೆಂದುಕೊಂಡಿದ್ದೆವು. ಬಂದವನಿಗೆ ಚುಚ್ಚಬಾರದು, ಬಡಗಿಯ ಮನಸ್ಸೂ ನೋಯಬಾರದು ಎಂದು ಮೂವತ್ತು ವರ್ಷ ಆ ಮೊಳೆಯ ಮೇಲೆ ಕೂತಿದ್ದರು ನಮ್ಮ ರಬ್ಬಿ. ನನಗೆ ನಗುವೂ ಅಳುವೂ ಒಟ್ಟಿಗೇ ನುಗ್ಗಿತು. ಅಬೋ ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿದ, ತಾಷ್ಕೆಂಟಿನ ರಬ್ಬಿಯೂ ಪುಸ್ತಕದ ಹಿಂದೆ ಮುಖ ಮುಚ್ಚಿ ಕುಲುಕುಲು ನಗುತ್ತಿದ್ದ.

ನನ್ನ ಇಲ್ಯಾವು ತನ್ನ ಮದುವೆಯ ಸೊಂಟದ ವಸ್ತ್ರ ಬಿಚ್ಚಿ, ಮಡಿಸಿ, ಕುರ್ಚಿಯ ಮೇಲೆ ಹಾಸಿದ. ಸಿಯೋನ್ ಅದನ್ನು ತೆಗೆದು ಅವನ ಕೈಗೇ ಕೊಟ್ಟ.

"ಬೇಡಪ್ಪ. ಅವರು ಮೂವತ್ತು ವರ್ಷ ಕೂತ್ರು. ನಾನು ಏಳು ಆಶೀರ್ವಾದ ಕೂರ್ತೀನಿ. ನಾಳೆ ಕಿತ್ತುಹಾಕಿದ್ರಾಯ್ತು."

ಹಲ್ಲು ಕಚ್ಚಿಕೊಂಡು ಕೂತ. ಕಣ್ಣಲ್ಲಿ ನೀರು ತುಂಬಿತ್ತು.

ಅಬೋ ಮತ್ತೆ ಪದ ಹಂಚಿದ. ಮೊದಲ ಪದ ಅಭ್ಯಾಸದಂತೆ ಕುರ್ಚಿಗೇ ಹೋಯಿತು, ಈ ಸಲ ಹತ್ತೂ ಸರಿಹೋಯಿತು. ಗೋಡೆಯ ಮೇಲೆ ಇನ್ನೂ ಒಂದು ಗೇಣು ಬಿಸಿಲಿತ್ತು.