ಎರಡು ಬೀಗದ ಉಗ್ರಾಣ

ಮಹಾಮಾರಿ ಎದುರಿಸುವ ತಾಲೀಮಿನಲ್ಲಿ ರೋಗಿಯಾಗುವ ಕೆಲಸ ಯಾವತ್ತೂ ಅಡುಗೆಯಕ್ಕನದು. ಆ ಧರ್ಮಾಸ್ಪತ್ರೆಯಲ್ಲಿ ಅವಳಷ್ಟು ಚೆನ್ನಾಗಿ ಕೆಮ್ಮುವವರು ಇರಲಿಲ್ಲ. ಹೊರದೇಶದ ದಾನಿಗಳಿಗೆ ಫೋಟೊ ಹೋಗಬೇಕಾದಾಗಲೆಲ್ಲ ಅವಳು ಮಂಚದ ಮೇಲೆ ಅಂಗಾತ ಮಲಗಿ ಕಣ್ಣು ತೇಲಿಸುತ್ತಿದ್ದಳು. ನರ್ಸ್ ಪಕ್ಕದಲ್ಲಿ ನಿಂತು, ದಾನಿಗಳು ಕಳಿಸಿದ ಆಕ್ಸಿಜನ್ ಯಂತ್ರದ ಪೆಟ್ಟಿಗೆಯ ಮೇಲೆ ಕೈ ಇಡುತ್ತಿದ್ದಳು. ಪೆಟ್ಟಿಗೆ ಬಿಚ್ಚುವಂತಿರಲಿಲ್ಲ. ಮುಂದಿನ ಮಹಾಮಾರಿಗೆಂದು ಬಂದ ಮಾಲು. ತಪಾಸಣೆಗೆ ಬಂದವರಿಗೆ ಸೀಲ್ ಸಮೇತ ತೋರಿಸಬೇಕು. ಫೋಟೊ ಮುಗಿದರೆ ಪೆಟ್ಟಿಗೆ ಉಗ್ರಾಣದ ಉಳಿದ ಪೆಟ್ಟಿಗೆಗಳ ಸಾಲಿಗೆ, ಅಡುಗೆಯಕ್ಕ ಒಲೆಯ ಮುಂದಕ್ಕೆ.

ಉಗ್ರಾಣಕ್ಕೆ ಎರಡು ಬೀಗ. ಒಂದು ಟ್ರಸ್ಟಿನ ಅಧ್ಯಕ್ಷರದು, ಇನ್ನೊಂದು ಕಾರ್ಯದರ್ಶಿಯದು. ಇಬ್ಬರೂ ಷಡ್ಡಕರು. ಟ್ರಸ್ಟ್ ಯಾರ ಕೈಗೆ ಎಂಬ ಜಗಳ ಕೋರ್ಟು ಹತ್ತಿದ ಮೇಲೆ ಒಬ್ಬರ ನೆರಳು ಕಂಡರೆ ಒಬ್ಬರಿಗೆ ಆಗುತ್ತಿರಲಿಲ್ಲ. ಫೋಟೊ ದಿನ ಮಾತ್ರ ಬಂದು, ಮುಖ ಮುಖ ನೋಡದೆ ತಮ್ಮ ತಮ್ಮ ಬೀಗ ತೆಗೆಯುತ್ತಿದ್ದರು.

"ಷಡ್ಡಕರ ಜಗಳದಲ್ಲಿ ರೋಗಿ ಬಡವಾದ," ಎಂದು ಅಡುಗೆಯಕ್ಕ ನಗುತ್ತಿದ್ದಳು.

ಜ್ವರ ಬಂದಾಗ ಅದಕ್ಕಿನ್ನೂ ಯಾರೂ ಹೆಸರಿಟ್ಟಿರಲಿಲ್ಲ. ನೋಡನೋಡುತ್ತ ವಾರ್ಡು ತುಂಬಿತು. ಒಂದು ಬೆಳಿಗ್ಗೆ ಅಡುಗೆಯಕ್ಕನನ್ನು ಅವಳ ಗಂಡ, ಆಂಬುಲೆನ್ಸ್ ಡ್ರೈವರ್, ಎತ್ತಿಕೊಂಡೇ ಬಂದ. ದೊಡ್ಡಾಸ್ಪತ್ರೆಯಲ್ಲಿ ಗೇಟೇ ತೆರೆದಿರಲಿಲ್ಲವಂತೆ. ಈ ಸಲ ಅವಳು ಕೆಮ್ಮುತ್ತಿರಲಿಲ್ಲ. ಕೆಮ್ಮಲು ಉಸಿರು ಸಾಲುತ್ತಿರಲಿಲ್ಲ. ತುಟಿ ನೀಲಿಗಟ್ಟಿತ್ತು.

ನರ್ಸ್ ಅಧ್ಯಕ್ಷರಿಗೆ ಫೋನ್ ಮಾಡಿದಳು.

"ಇದು ಮಹಾಮಾರಿ ಅಂತ ನಿಂಗ್ಯಾರು ಹೇಳಿದ್ರು? ಅವನು ಮೊದಲು ಬರ್ಲಿ. ನಾನು ಮೊದಲು ಬೀಗ ತೆಗೆದ್ರೆ ಮಾಲು ಕದ್ದ ಅಂತಾನೆ."

ಕಾರ್ಯದರ್ಶಿಗೆ ಮಾಡಿದಳು.

"ಅವರು ಬಂದು ನಿಂತಿದಾರಾ? ಇಲ್ವಲ್ಲ. ನಿಂತ ಮೇಲೆ ಹೇಳಮ್ಮ."

"ಸರ್, ನಮ್ಮ ಅಡುಗೆಯಕ್ಕನೇ ಸರ್."

"ಅವಳಾ? ನಾಟಕದಲ್ಲಿ ಎತ್ತಿದ ಕೈ ಬಿಡು," ಎಂದು ನಕ್ಕು ಫೋನಿಟ್ಟರು.

ಹಿಂದೊಮ್ಮೆ ಪೆಟ್ಟಿಗೆಯ ಟೇಪು ಕಿತ್ತು ನೋಡಿದ ಕಾಂಪೌಂಡರ್ ಅದೇ ಸಂಜೆ ಕೆಲಸ ಕಳೆದುಕೊಂಡಿದ್ದ. ನರ್ಸಿನ ಮನೆಯಲ್ಲಿ ದುಡಿಯುವ ಕೈ ಅವಳದೊಂದೇ. ಮತ್ತೆ ಫೋನ್ ಮಾಡಿದಳು, ಕಾದಳು, ಮತ್ತೆ ಮಾಡಿದಳು. ಅವಳ ಹೆದರಿಕೆ ಕರಗುವ ಹೊತ್ತಿಗೆ ಮಧ್ಯಾಹ್ನವಾಗಿತ್ತು.

"ಭಾವ, ಗಾಡಿಯಿಂದ ಕಬ್ಬಿಣದ ರಾಡು ತನ್ನಿ," ಎಂದಳು ಡ್ರೈವರ್‌ಗೆ.

"ನಿನ್ನ ಕೆಲಸ ಹೋಗುತ್ತಲ್ಲಮ್ಮ."

"ಹೋಗ್ಲಿ. ಒಡೀರಿ."

ಬೀಗಗಳೇನೂ ಅಂಥ ಗಟ್ಟಿಯಿರಲಿಲ್ಲ. ಒಂದು ಪೆಟ್ಟಿಗೆ ಹರಿದು ಯಂತ್ರವನ್ನು ಮಂಚದ ಪಕ್ಕಕ್ಕೆ ತಂದರು. ಪ್ಲಗ್ಗಿಗೆ ಚಪ್ಪಟೆ ಪಿನ್ನು, ಗೋಡೆಯಲ್ಲಿ ದುಂಡು ತೂತು. ಅಷ್ಟು ತಾಲೀಮು ನಡೆದರೂ ಅದು ಒಬ್ಬರಿಗೂ ಗೊತ್ತಿರಲಿಲ್ಲ. ಡ್ರೈವರ್ ಪ್ಲಗ್ಗು ಕತ್ತರಿಸಿ, ಹಲ್ಲಲ್ಲೇ ವೈರು ಸುಲಿದು, ಸಾಕೆಟ್ಟಿಗೆ ತುರುಕಿ ಬೆಂಕಿಕಡ್ಡಿ ಸಿಕ್ಕಿಸಿದ. ಯಂತ್ರ ಗುರ್ರೆಂದಿತು.

"ಎಳ್ಕೊಳ್ಳಕ್ಕ," ನರ್ಸ್ ನಳಿಕೆಯನ್ನು ಮೂಗಿಗೆ ಸಿಕ್ಕಿಸಿದಳು. "ಎಳ್ಕೊ."

ಎದೆ ಮೇಲೆದ್ದಿತು, ಇಳಿಯಿತು, ಮತ್ತೆ ಏಳಲಿಲ್ಲ. ನಳಿಕೆಯಲ್ಲಿ ಗಾಳಿ ಬರುತ್ತಲೇ ಇತ್ತು.

ಬೀಗ ಒಡೆದ ಸುದ್ದಿಗೆ ಷಡ್ಡಕರಿಬ್ಬರೂ ಬಂದರು, ಒಂದೇ ಕಾರಿನಲ್ಲಿ. ಮೂಗಿಗೆ ಕರ್ಚೀಫು ಒತ್ತಿಕೊಂಡು ಬಾಗಿಲಲ್ಲೇ ನಿಂತರು.

"ವೈರೂ ಕತ್ತರಿಸಿದಾರೆ, ಅಣ್ಣ," ಎಂದರು ಕಾರ್ಯದರ್ಶಿ.

"ತಪಾಸಣೆಯವರಿಗೆ ಏನು ತೋರಿಸೋಣ?" ಅಧ್ಯಕ್ಷರು ನರ್ಸಿನತ್ತ ತಿರುಗಿದರು. "ನಾಳೆಯಿಂದ ನೀನು ಬರಬೇಡ. ಅದನ್ನ ಪೆಟ್ಟಿಗೆಗೆ ಹಾಕಿ, ಟೇಪು ಅಂಟಿಸಿ ಹೋಗು."

ನರ್ಸ್ ಸತ್ತವಳ ಮೂಗಿನಿಂದ ನಳಿಕೆ ತೆಗೆದಳು. ಸ್ಪಿರಿಟ್ಟಿನಲ್ಲಿ ಒರೆಸಿ, ಪಕ್ಕದ ಮಂಚದಲ್ಲಿ ಏದುಸಿರು ಬಿಡುತ್ತಿದ್ದ ಮುದುಕಿಗೆ ಹಾಕಿದಳು. ಅಧ್ಯಕ್ಷರು ಒಳಗೆ ನುಗ್ಗಿ ಸಾಕೆಟ್ಟಿಗೆ ಕೈಚಾಚಿದರು. ಬೆತ್ತಲೆ ವೈರು ನೋಡಿ ಕೈ ಹಿಂದೆಳೆದುಕೊಂಡರು.

"ಮುಟ್ಟಿ ಸರ್," ಎಂದ ಡ್ರೈವರ್. ಅವನು ಹೆಂಡತಿಯ ಕಾಲ ಬಳಿ ನೆಲದ ಮೇಲೆ ಕೂತಿದ್ದ. "ಯಾಕೆ ನಿಲ್ಲಿಸಿದ್ರಿ? ಮುಟ್ಟಿ."

ಯಾರೂ ಮುಟ್ಟಲಿಲ್ಲ.

"ಒಳಗೆ ಇನ್ನೂ ಪೆಟ್ಟಿಗೆಗಳಿವೆ ಭಾವ," ಎಂದಳು ನರ್ಸ್. "ಎದ್ದೇಳಿ. ವೈರು ಸುಲೀಬೇಕು."

ಅವನು ಹೆಂಡತಿಯ ಮುಖದ ಮೇಲೆ ಹೊದಿಕೆ ಎಳೆದು, ಕೆಮ್ಮುತ್ತ ಎದ್ದ.