ಕುದುರೆ ಸಿದ್ಧವಾಗಿದೆ

ಕಿರಿಯ ರಾಜಕುಮಾರನ ಮಾತನ್ನು ತೆಗೆದು ಹಿರಿಯವನ ಬಾಯಿಗೆ ಹಾಕಬೇಕಿತ್ತು. ಎರಡು ನಿಮಿಷದ ಕೆಲಸ. ತಾಯಿ ಮಾತ್ರ ಕಂಪ್ಯೂಟರಿನ ಮುಂದೆ ಕೈಕಟ್ಟಿ ಕುಳಿತೇ ಇದ್ದಳು.

ಕೊರಿಯನ್ ಕಾಮಿಕ್ಸಿನ ಮಾತಿನ ಬಲೂನುಗಳಲ್ಲಿ ನಮ್ಮ ಭಾಷೆ ಕೂರಿಸುವುದು ಅವಳ ಕಸುಬು. ಅನುವಾದಕರು ಪ್ರತಿ ಮಾತಿಗೂ ಸಂಖ್ಯೆ ಹಾಕಿ ಕಳಿಸುತ್ತಾರೆ. ಅವಳು ಬಲೂನುಗಳಿಗೂ ಅದೇ ಸಂಖ್ಯೆ ಕೊಟ್ಟು, ಮೂಲದ ಅಕ್ಷರ ಅಳಿಸಿ, ಹೊಸದನ್ನು ತುಂಬುತ್ತಾಳೆ. ಹಿಂದಿನ ಭಾಗದ ಒಂದು ಪುಟದಲ್ಲಿ ಎರಡು ಸಂಖ್ಯೆಗಳು ಅದಲುಬದಲಾಗಿದ್ದವು. "ಸಿಂಹಾಸನ ಯಾರಿಗಾದರೂ ಇರಲಿ, ನಿನ್ನ ಪಕ್ಕದ ಜಾಗ ನನಗಿರಲಿ" ಎಂದು ಹಿರಿಯವನು ಮಾಟಗಾತಿಯ ಮಗಳಿಗೆ ಹೇಳಬೇಕಾದದ್ದನ್ನು ಕಿರಿಯವನು ಹೇಳಿಬಿಟ್ಟಿದ್ದ. ಕಿರಿಯವನ "ಕುದುರೆ ಸಿದ್ಧವಾಗಿದೆ" ಎಂಬ ಮಾತು ಹಿರಿಯವನ ಪಾಲಾಗಿತ್ತು. ಯಾರಿಗೂ ಗೊತ್ತಾಗಲಿಲ್ಲ. ಈಗ ಕೊನೆಯ ಭಾಗದಲ್ಲಿ ಮಾಟಗಾತಿಯ ಮಗಳು ಆ ಮಾತನ್ನೇ ನೆನೆದು ಹಿರಿಯವನ ಕೈ ಹಿಡಿದಾಗ ಸಂಪಾದಕರು ತಲೆ ಚಚ್ಚಿಕೊಂಡರು. ಮರುಮುದ್ರಣಕ್ಕೆ ಸರಿಮಾಡಿ ಕೊಡಿ ಅಂದರು. ಬೈಯಲಿಲ್ಲ, ಅದೇ ಪುಣ್ಯ.

ಅವಳ ಚಿಂತೆಯೆಲ್ಲ ಮಗಳದು. ತಾಯಿ ಎರಡನೇ ಮದುವೆಯಾದ ಮೇಲೆ ಹುಡುಗಿ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಹೊಸಬರನ್ನು ಅಪ್ಪ ಅನ್ನುವುದಿರಲಿ, ಏನೂ ಅನ್ನುತ್ತಿರಲಿಲ್ಲ. ಗಡಿಯಾರ ರಿಪೇರಿ ಮಾಡುವ ಆ ಮನುಷ್ಯ ಅವಳ ಪಾಲಿಗೆ ಬರೀ 'ಗಡಿಯಾರದವರು'. ಅವರಾದರೂ "ಊಟ ಆಯ್ತಾ" ಎಂಬುದರಾಚೆ ಮಾತು ಬೆಳೆಸಿದವರಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದು ಹುಡುಗಿಯ ಸೈಕಲ್ ಒರೆಸಿ, ಚಕ್ರಕ್ಕೆ ಗಾಳಿ ಹೊಡೆದಿಡುತ್ತಿದ್ದರು. ತಾನೆಂದು ಹೇಳಕೂಡದು ಎಂದು ಹೆಂಡತಿಗೆ ತಾಕೀತು ಬೇರೆ.

ತಾಯಿ ಮಗಳ ನಡುವೆ ನಾಲ್ಕು ಮಾತು ಉಳಿದಿದ್ದರೆ ಅದು ರಾಜಕುಮಾರರ ದೆಸೆಯಿಂದ. ಅಚ್ಚಾಗುವ ಮೊದಲೇ ಓದಬೇಕೆಂದು ಹುಡುಗಿ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂರುತ್ತಿದ್ದಳು. ಕಿರಿಯವನೆಂದರೆ ಪ್ರಾಣ. ಅವನ ಆ ಮಾತನ್ನು ಬೀರುವಿನ ಬಾಗಿಲಿಗೇ ಬರೆದುಕೊಂಡಿದ್ದಳು. ನಿಜ ಹೇಳಿದರೆ ಈ ಕುರ್ಚಿಯೂ ಖಾಲಿಯಾಗುತ್ತದೆಂದು ತಾಯಿಗೆ ದಿಗಿಲು.

ಶಾಲೆಯಿಂದ ಬಂದವಳು ಚೀಲ ಎಸೆದು ಓಡಿಬಂದಳು. "ಕೊನೇ ಭಾಗ ಬಂತಾ?"

"ಬಂತು. ಅದಕ್ಕೆ ಮುಂಚೆ ಒಂದು ಮಾತು ಕಣೇ. ನಾನೊಂದು ಎಡವಟ್ಟು ಮಾಡಿದೀನಿ."

ಕೇಳುತ್ತ ಕೇಳುತ್ತ ಮಗಳ ಮುಖ ಸಪ್ಪಗಾಯಿತು.

"ಅಂದ್ರೆ ಅವನು ಅದನ್ನ ಹೇಳೇ ಇಲ್ವಾ?"

"ಇಲ್ಲ."

"ನಿಂದೆಲ್ಲಾ ಹೀಗೇ. ನಿಂಗೆ ತೋಚಿದ್ದು ಮಾಡೋದು, ಆಮೇಲೆ ನಂಗೆ ಹೇಳೋದು!"

ಇದು ಕಾಮಿಕ್ಸಿನ ಜಗಳವಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ತಾಯಿ ಎರಡೂ ಬಲೂನು ಸರಿಮಾಡಿ, ಪುಟವನ್ನು ಪರದೆಯ ತುಂಬ ದೊಡ್ಡದು ಮಾಡಿದಳು.

ಎದ್ದು ಹೊರಟಿದ್ದ ಮಗಳು ನಿಂತಳು. ಆಕಾಶದಿಂದ ಶಾಪದ ಬೂದಿ ಸುರಿಯುತ್ತಿದ್ದ ಚಿತ್ರ ಅದು. ಹಿರಿಯವನು ಎದೆಯ ಮೇಲೆ ಕೈಯಿಟ್ಟು ಸೊಗಸಾಗಿ ಮಾತಾಡುತ್ತಿದ್ದ. ಕಿರಿಯವನು ಒಂದು ಕೈಯಲ್ಲಿ ಲಗಾಮು ಹಿಡಿದು, ಇನ್ನೊಂದರಲ್ಲಿ ತನ್ನ ಮೇಲಂಗಿಯನ್ನು ಮಾಟಗಾತಿಯ ಮಗಳ ತಲೆಯ ಮೇಲೆ ಚಾಚಿದ್ದ. ಬೂದಿ ಬಿದ್ದು ಅವನ ಬರಿಯ ಭುಜ ಸುಟ್ಟಿತ್ತು.

"ಇದು ಮುಂಚೆನೂ ಇತ್ತಾ?"

"ಚಿತ್ರ ನಾನು ಮುಟ್ಟಲ್ಲ."

"ನಾನು ನೋಡೇ ಇಲ್ಲ. ಮಾತು ಓದಿ ಪುಟ ತಿರುಗಿಸಿಬಿಟ್ಟೆ." ಮಗಳು ಮೆಲ್ಲಗೆ ಕುರ್ಚಿಯ ಅಂಚಿಗೆ ಕುಳಿತಳು. "ಕುದುರೆ ಸಿದ್ಧವಾಗಿದೆಯಂತೆ! ಪೆದ್ದ."

ಬೈದರೂ ದನಿಯಲ್ಲಿ ಸಿಟ್ಟಿರಲಿಲ್ಲ. ಬಹಳ ಹೊತ್ತು ಆ ಭುಜವನ್ನೇ ನೋಡುತ್ತಿದ್ದು, ಪರದೆಯಿಂದ ಕಣ್ಣು ಕೀಳದೆ ಕೇಳಿದಳು. "ಅಮ್ಮಾ, ನನ್ನ ಸೈಕಲ್ಲಿಗೆ ಗಾಳಿ ಹೊಡೆಯೋದು ನೀನೇ ತಾನೇ?"

ಗಂಡನಿಗೆ ಕೊಟ್ಟ ಮಾತು ತಾಯಿಗೆ ನೆನಪಾಯಿತು.

"ಅಲ್ಲ," ಅಂದಳು.

ಮಗಳು ಅಂದು ಕೊನೆಯ ಭಾಗವನ್ನು ಓದಲಿಲ್ಲ.

ಮರುದಿನ ಬೆಳಿಗ್ಗೆ ಪಂಪಿನ ಸದ್ದು ಕೇಳಿ ತಾಯಿ ಅಡುಗೆಮನೆಯ ಕಿಟಕಿಯಿಂದ ಇಣುಕಿದಳು. ಗಡಿಯಾರದವರು ತಲೆತಗ್ಗಿಸಿ ಗಾಳಿ ಹೊಡೆಯುತ್ತಿದ್ದರು. ಕಿವಿಯೆಲ್ಲ ಕೆಂಪಾಗಿತ್ತು. ಕೆದರಿದ ತಲೆಯಲ್ಲೇ ಎದ್ದುಬಂದಿದ್ದ ಮಗಳು, ಸೈಕಲ್ ಅಲ್ಲಾಡದಂತೆ ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದು ನಿಂತಿದ್ದಳು.