ಮೊದಲ ಗುಂಡು

"ಮೊದಲು ಗುಂಡು ಹಾರಿಸಿದ್ದು ಯಾರು? ನೆನಪು ಮಾಡಿಕೊಂಡು ಹೇಳಿ," ಎಂದರು ವಿಚಾರಣಾಧಿಕಾರಿ.

ಎರ್ರಿಸ್ವಾಮಿ ಮೇಜಿನ ಮೇಲಿದ್ದ ತನ್ನದೇ ಹೇಳಿಕೆಯನ್ನು ನೋಡಿದ. 'ಪಂಚ ಸಾಕ್ಷಿಯಾಗಿ ಪೊಲೀಸರ ಜೊತೆ ಹೋಗಿದ್ದೆ. ಶರಣಾಗುವಂತೆ ಮೂರು ಸಲ ಕೂಗಿದರು. ಆರೋಪಿ ಶಿವು ಮೊದಲು ಗುಂಡು ಹಾರಿಸಿದ.' ಮಾರಿಕಣಿವೆ ಅಣೆಕಟ್ಟಿನ ಹಿಂದಿನ ಗುಡ್ಡದಲ್ಲಿ ಆ ಬೆಳಿಗ್ಗೆ ಶಿವು ಸತ್ತಾಗ ಎರ್ರಿಸ್ವಾಮಿ ಹಿರಿಯೂರಿನ ಮನೆಯಲ್ಲಿ ಹಲ್ಲುಜ್ಜುತ್ತಿದ್ದ. ನೀರಾವರಿ ಕಚೇರಿಯ ಗುಮಾಸ್ತ. ಮಧ್ಯಾಹ್ನ ಠಾಣೆಗೆ ಕರೆಸಿ, "ಸರ್ಕಾರಿ ನೌಕರ ಅಲ್ವೇನ್ರಿ, ಒಂದು ಸಹಿ ಹಾಕ್ರಿ. ಅವ್ನು ಬಾಂಬ್ ಕೇಸಿನೋನು," ಎಂದಿದ್ದರು. ಓದದೆ ಹಾಕಿದೆ ಎಂದು ಹೆಂಡತಿಗೆ ಹೇಳಿದ್ದ. ಓದಿಯೇ ಹಾಕಿದ್ದ.

"ಎಲ್ಲ ಇದರ ಮೇಲೇ ನಿಂತಿದೆ," ಅಧಿಕಾರಿ ಕನ್ನಡಕ ತೆಗೆದರು. "ಅವನು ಮೊದಲು ಹಾರಿಸಿದ್ದರೆ ಪೊಲೀಸರದು ಆತ್ಮರಕ್ಷಣೆ. ಇಲ್ಲದಿದ್ದರೆ ಕೊಲೆ. ಅವನು ಎಂಥವನೇ ಆಗಿರಲಿ."

ಬಾಗಿಲ ಬಳಿ, ಅಂದು ಸಹಿ ಹಾಕಿಸಿದ್ದ ಇನ್ಸ್‌ಪೆಕ್ಟರು ನಿಂತಿದ್ದರು. ಎರ್ರಿಸ್ವಾಮಿ ಆ ಕಡೆ ನೋಡಲಿಲ್ಲ.

"ಶಿವುನೇ ಹಾರ್ಸಿದ್ದು ಸರ್. ಕಣ್ಣಾರೆ ಕಂಡೆ."

ಹೊರಗೆ ವರಾಂಡದ ಬೆಂಚಿನ ಮೇಲೆ ಕೂತು ಬೆವರು ಒರೆಸಿಕೊಳ್ಳುವಾಗ, ಒಳಗೆ ಗೋಡೆಯ ಪಕ್ಕ ಎಲ್ಲ ಕೇಳಿಸಿಕೊಂಡು ಕೂತಿದ್ದ ಹೆಂಗಸು ಎದುರು ಬಂದು ನಿಂತಳು. ಶಿವುವಿನ ತಾಯಿ ಏಕಾಂತಮ್ಮ. ಹೊಳಲ್ಕೆರೆ ಕಡೆ ಕೂಲಿ ಮಾಡುವವಳು. ಬೈಯುತ್ತಾಳೆಂದು ಅವನು ತಲೆ ತಗ್ಗಿಸಿದ.

"ಪೊಲೀಸ್ನೋರ್ನ ಬಿಟ್ರೆ ಅಲ್ಲಿದ್ದೋರು ನಂಗೆ ಸಿಕ್ಕಿರೋದು ನೀವೊಬ್ರೇ ಸ್ವಾಮಿ," ಎಂದಳು. "ಬಿದ್ದಮ್ಯಾಲೆ ನನ್ಮಗಂಗೆ ಜೀವ ಇತ್ತಾ?"

"ಒಂದೀಟು ಹೊತ್ತು ಇತ್ತಮ್ಮ."

"ನೀರು ಕೇಳಿದ್ನಾ?"

"ಕೇಳ್ದ. ನಾನೇ ಕುಡಿಸ್ದೆ."

ಏಕಾಂತಮ್ಮ ಅಲ್ಲೇ ನೆಲಕ್ಕೆ ಕುಸಿದು, ಅವನ ಬಲಗೈ ಎಳೆದುಕೊಂಡು ಎರಡೂ ಕಣ್ಣಿಗೆ ಒತ್ತಿಕೊಂಡಳು. "ನಿಮ್ಮ ಮಕ್ಳು ಮರಿ ತಣ್ಣಗಿರ್ಲಿ. ಒಂದೂವರೆ ವರ್ಸದಿಂದ ಇದೊಂದೇ ಎದೇಲಿ ಕುಂತಿತ್ತು."

ಕೈ ಒದ್ದೆಯಾಯಿತು. ಬಿಡಿಸಿಕೊಳ್ಳಲು ನೋಡಿದ, ಅವಳು ಬಿಡಲಿಲ್ಲ. ಮೆಟ್ಟಿಲ ಬಳಿಯಿಂದ ಇದನ್ನು ನೋಡಿದ ಇನ್ಸ್‌ಪೆಕ್ಟರು ಸಮಾಧಾನವಾದವರಂತೆ ಜೀಪಿನ ಕಡೆ ಹೊರಟರು.

"ನಾನು ಅಲ್ಲಿರ್ಲಿಲ್ಲ ಕಣಮ್ಮ."

"ಏನಂದ್ರಿ?"

"ಆ ಗುಡ್ಡಾನೇ ಹತ್ತಿಲ್ಲ. ಬರ್ದಿದ್ದಕ್ಕೆ ಸಹಿ ಹಾಕ್ದೆ, ಅಷ್ಟೇ."

ಅವಳ ಹಿಡಿತ ನಿಧಾನವಾಗಿ ಸಡಿಲವಾಯಿತು. ಅವನ ಮುಖವನ್ನೇ ನೋಡುತ್ತ ಕೇಳಿದಳು:

"ಹಂಗಾರೆ ನೀರು ಕೊಟ್ಟೋರು ಯಾರು?"

ಎರ್ರಿಸ್ವಾಮಿ ಎದ್ದು ಮತ್ತೆ ಅಧಿಕಾರಿಯ ಕೋಣೆಗೆ ಹೋದ. ಬಾಗಿಲಲ್ಲಿ ಜವಾನ ತಡೆದ. "ನಿಮ್ದು ಮುಗೀತಲ್ಲ. ಸಾಹೇಬ್ರು ಊಟಕ್ಕೆ ಕುಂತವ್ರೆ."

"ಒಳಗೆ ಹೇಳಿದ್ದು ಸುಳ್ಳು. ಬದಲು ಹೇಳಿಕೆ ಕೊಡ್ಬೇಕು."

ಜವಾನ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ನಿಮ್ಮೇಲೇ ಕೇಸಾಯ್ತದೆ ಕಣ್ರಿ."

"ಗೊತ್ತೈತೆ."

"ಮೂರಕ್ಕೆ ಬರ್ರಿ ಹಂಗಾದ್ರೆ."

ಇನ್ನೂ ಒಂದೂವರೆ ತಾಸಿತ್ತು. ಅವನು ತಿರುಗಿ ಬರುವಷ್ಟರಲ್ಲಿ ಏಕಾಂತಮ್ಮ ನೆಲದಿಂದೆದ್ದು ಬೆಂಚಿನ ಆ ತುದಿಯಲ್ಲಿ ಕೂತಿದ್ದಳು. ಅವನು ಈ ತುದಿಯಲ್ಲಿ ಕೂತ. ಕೈಯಲ್ಲಿ ಅರ್ಜಿ ಹಿಡಿದ ಯಾರೋ ಬಂದು, "ಒಂಚೂರು ಜರುಗ್ರಿ," ಎಂದರು. ಇಬ್ಬರೂ ಅಲುಗಲಿಲ್ಲ. ಬಂದವರು ಒಂದು ಗಳಿಗೆ ನಿಂತು, ನಡುವೆ ಖಾಲಿಯಿದ್ದ ಜಾಗವನ್ನು ನೋಡಿ, ಗೋಡೆಗೆ ಒರಗಿಕೊಂಡರು.